ಹವಳದ ಗೋಡೆ

ಹವಳವೆಂದೊಡನೆ ಅಕ್ಕಸಾಲಿಗನ ಅಂಗಡಿಯ ಕೆಂಪು ಮಣಿ ನೆನಪಾಗುವುದು ಸಹಜ. ಸಮುದ್ರದಲ್ಲಿ ದಿಬ್ಬಗಳನ್ನು ಕಟ್ಟುವ ಹವಳ ಅದಲ್ಲ, ಅದರ ದಾಯಾದಿ. ಆಭರಣಕ್ಕೆ ಅದು ಒದಗದು. ಆದರೂ ಮನುಷ್ಯನ ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ.

ತಮಿಳುನಾಡಿನ ರಾಮೇಶ್ವರದಿಂದ ಮುತ್ತಿಗೆ ಹೆಸರಾದ ತೂತುಕುಡಿಯವರೆಗೆ, ಮನ್ನಾರ್ ಕೊಲ್ಲಿಯಲ್ಲಿ 21 ಪುಟ್ಟ ದ್ವೀಪಗಳಿದ್ದವು. ಅವುಗಳ ಸುತ್ತ, ನೀರಿನಡಿಯಲ್ಲಿ, ಹವಳದ ದಿಬ್ಬಗಳು. ಇವನ್ನು ಕಟ್ಟಿದ ಶಿಲ್ಪಿಗಳಾದರೂ ಎಂಥವು! ಒಂದೊಂದು ಜೀವಿಯೂ ಅಕ್ಕಿಕಾಳಿನಷ್ಟು. ಮೆತ್ತನೆಯ ಮೈ, ಒಂದು ಬಾಯಿ, ಅದರ ಸುತ್ತ ಎಳೆಯಂಥ ಕೈಗಳು. ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ಅದು ತನ್ನ ಬುಡದಲ್ಲಿ ಬಟ್ಟಲಿನಂಥ ಗೂಡನ್ನು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಪಾಚಿ ವಾಸಿಸುತ್ತದೆ. ಬಿಸಿಲಿನಿಂದ ಆಹಾರವನ್ನು ತಯಾರಿಸಿ, ಅದರ ಬಹುಪಾಲನ್ನು ಮನೆಬಾಡಿಗೆಯೋ ಎಂಬಂತೆ ಆಶ್ರಯದಾತನಿಗೆ ಒಪ್ಪಿಸುತ್ತದೆ. ಗೂಡಿನ ಮೇಲೆ ಗೂಡು ಬೆಳೆದು, ಸಾವಿರಾರು ವರ್ಷಗಳಲ್ಲಿ ಅಲೆಗಳನ್ನು ತಡೆಯಬಲ್ಲ ಗೋಡೆಯೇ ಏಳುತ್ತದೆ.

ಸುಣ್ಣದಿಂದ ಕಟ್ಟಿದ್ದೇ ಅದಕ್ಕೆ ಮುಳುವಾಯಿತು. ತೀರದ ಬಡಜನರು ದೋಣಿಗಳಲ್ಲಿ ಹೋಗಿ, ಹಾರೆಯಿಂದ ಮೀಟಿ, ಹವಳದ ಕಲ್ಲನ್ನು ದಡಕ್ಕೆ ತಂದರು. ಅದು ಸುಣ್ಣದ ಗೂಡುಗಳಲ್ಲಿ ಬೆಂದಿತು; ಮನೆಗಳ ಅಡಿಪಾಯವನ್ನೂ ಸೇರಿತು. ಅವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಬಲೆ ಬರಿದಾದ ದಿನವೂ ಒಲೆ ಉರಿಯಬೇಕು. ಕಲ್ಲನ್ನು ಕೊಳ್ಳುವವರೂ ಇದ್ದರು. 1986ರಲ್ಲಿ ಈ ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನವೆನಿಸಿದವು. 2001ರಲ್ಲಿ ಹವಳಕ್ಕೆ ವನ್ಯಜೀವಿ ಕಾಯಿದೆಯ ರಕ್ಷಣೆ ದೊರೆಯಿತು. ಆದರೂ ಅಗೆತ ಪೂರ್ತಿ ನಿಂತದ್ದು 2004ರ ಸುನಾಮಿಯ ಅನಂತರವೇ. ಅಷ್ಟರಲ್ಲಿ ಪೂವರಸನ್‌ಪಟ್ಟಿ, ವಿಲಂಗುಚಲ್ಲಿ ಎಂಬ ಎರಡು ದ್ವೀಪಗಳು ನೀರಿನಲ್ಲಿ ಮುಳುಗಿದ್ದವು. ಗೋಡೆ ಬಿದ್ದ ಮೇಲೆ ಅಲೆಗಳಿಗೆ ಅಡ್ಡಿಯೇನು?

2002ರಲ್ಲಿ ತೂತುಕುಡಿಯ ವಿಜ್ಞಾನಿಗಳು ಮರುನಾಟಿಗೆ ತೊಡಗಿದರು. ಮುಳುಗುಗಾರರು ಆರೋಗ್ಯವಾದ ದಿಬ್ಬದಿಂದ ಹವಳದ ಚಿಕ್ಕ ತುಂಡುಗಳನ್ನು ತಂದು, ಕಾಂಕ್ರೀಟ್ ಬಿಲ್ಲೆಗಳಿಗೆ ಕಟ್ಟಿ, ಕಡಲ ತಳದ ಚೌಕಟ್ಟುಗಳ ಮೇಲೆ ನಿಲ್ಲಿಸುತ್ತಾರೆ. ದಾಸವಾಳದ ಕಡ್ಡಿಯನ್ನು ನೆಟ್ಟಂತೆಯೇ! ಮನುಷ್ಯನ ಕೆಲಸ ಅಲ್ಲಿಗೆ ಮುಗಿಯಿತು. ಬಿಲ್ಲೆಯನ್ನು ಅಪ್ಪಿಕೊಂಡು ಬೆಳೆಯುವುದು ಹವಳದ ಕೆಲಸ. ಕವಲೊಡೆಯುವ ಜಾತಿಗಳು ವರ್ಷಕ್ಕೆ ಸುಮಾರು 10 ಸೆಂಟಿಮೀಟರ್ ಬೆಳೆಯಬಲ್ಲವು. ಗುಂಡುಕಲ್ಲಿನಂಥ ಜಾತಿಗಳಿಗೆ 1 ಸೆಂಟಿಮೀಟರೂ ಹೆಚ್ಚೇ. ಹಾರೆಯ ಒಂದೇ ಏಟು ಎಷ್ಟು ವರ್ಷಗಳನ್ನು ಉರುಳಿಸಿರಬೇಕು!

ಹಾರೆಗಳು ನಿಂತವು, ಆದರೆ ಕಡಲೇ ಕಾಯತೊಡಗಿತು. ನೀರು ಮಿತಿಮೀರಿ ಬಿಸಿಯಾದರೆ ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಪಾಚಿ ಮರಳಿ ಬರುತ್ತದೆ. ಇಲ್ಲವಾದರೆ ಉಪವಾಸವೇ ಗತಿ. 2010ರ ಮತ್ತು 2016ರ ಬೇಸಗೆಗಳಲ್ಲಿ ಮನ್ನಾರ್ ಕೊಲ್ಲಿಯ ಅನೇಕ ಹವಳಗಳು ಹೀಗೆ ಸತ್ತವು. ಬೇಗ ಬೆಳೆಯುವ ಕವಲಿನ ಜಾತಿಗಳೇ ಬೇಗ ಸಾಯುವಂಥವು.

ಮುಳುಗುಗಾರರು ಮತ್ತೆ ನೀರಿಗಿಳಿದರು. ಅಲೆಗಳ ಹೊಡೆತಕ್ಕೆ ಕರಗುತ್ತಿದ್ದ ವಾನ್ ದ್ವೀಪದ ಎದುರಿಗೆ, 2015ರಿಂದ ಕಾಂಕ್ರೀಟಿನ ಕೃತಕ ದಿಬ್ಬಗಳನ್ನು ಇಳಿಸಲಾಗಿದೆ. ಅವುಗಳ ಮರೆಯಲ್ಲಿ ಮರಳು ನಿಲ್ಲತೊಡಗಿತು. ಆ ಕಾಂಕ್ರೀಟಿನ ಮೇಲೆ, ಯಾರೂ ನೆಡದ ಹವಳದ ಮರಿಗಳೂ ತೇಲಿಬಂದು ಗೂಡು ಕಟ್ಟಿಕೊಂಡಿವೆ.