ಕಾಯಿ ಬಿಡದ ಬೋಗನ್‌ವಿಲ್ಲಾ

ನಮ್ಮ ಶಾಲೆಯ ಹೆಬ್ಬಾಗಿಲ ಮೇಲೆ ಹಬ್ಬಿರುವ ಬೋಗನ್‌ವಿಲ್ಲಾ ಪೊದೆಯನ್ನು ನೋಡದ ವಿದ್ಯಾರ್ಥಿಯಿಲ್ಲ. ಈ ಮುಂಬಯಿಯ ಜನ ಅದನ್ನು ಬೋಗನ್‌ವೇಲ್ ಎನ್ನುವರು. ನಮಗೆ ಅದು ಕಾಗದದ ಹೂ. ಕಳೆದ ವರ್ಷ ಏಳನೆಯ ತರಗತಿಯ ಹುಡುಗನೊಬ್ಬನು, "ಸರ್, ಇಷ್ಟೊಂದು ಹೂ ಬಿಟ್ಟರೂ ಇದರಲ್ಲಿ ಒಂದು ಕಾಯಿಯೂ ಇಲ್ಲವಲ್ಲ, ಏಕೆ?" ಎಂದು ಕೇಳಿದನು. ನಾನು ಕನ್ನಡ ಪಾಠದ ಮೇಷ್ಟ್ರು. ತಿಳಿಯದೆಂದು ಹೇಳಲು ನಾಚಿ, "ಬೆಡಗು ಹೆಚ್ಚಿದಲ್ಲಿ ಫಲ ಕಡಿಮೆ, ತಮ್ಮಾ" ಎಂದುಬಿಟ್ಟೆನು. ತರಗತಿಯೆಲ್ಲ ನಕ್ಕಿತು. ಹುಡುಗನು ತಲೆ ತಗ್ಗಿಸಿ ಕುಳಿತನು.

ಆ ತಗ್ಗಿದ ತಲೆ ನನ್ನನ್ನು ಬಹುದಿನ ಕಾಡಿತು. ಒಂದು ಸಂಜೆ ಹೂಗೊಂಚಲೊಂದನ್ನು ನಮ್ಮ ವಿಜ್ಞಾನದ ಅಧ್ಯಾಪಕರ ಬಳಿಗೆ ಒಯ್ದೆನು. ಅವರು ಮೊದಲು ನನ್ನ ಕಣ್ಣಿನ ತಪ್ಪನ್ನು ತಿದ್ದಿದರು. ನಾನು ಎಸಳೆಂದು ತಿಳಿದಿದ್ದ ಕೆಂಪು ಭಾಗಗಳು ಬಣ್ಣ ತಳೆದ ಎಲೆಗಳು. ಅವುಗಳ ನಡುವಣ ಮೂರು ಸಣ್ಣ ಕೊಳವೆಗಳೇ ನಿಜವಾದ ಹೂಗಳು. ಕೊಳವೆಯನ್ನು ಸೀಳಿ, ಪರಾಗವನ್ನು ಗಾಜಿನ ಮೇಲೆ ಉದುರಿಸಿ, ಕೆಂಪು ರಂಗಿನ ಹನಿಯೊಂದನ್ನು ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟರು. ಸತ್ತ್ವವುಳ್ಳ ಪರಾಗಕಣವು ರಂಗನ್ನು ಹೀರಿ ದುಂಡಗೆ ಕೆಂಪಾಗಬೇಕು. ನಾನು ಕಂಡವುಗಳಲ್ಲಿ ಹೆಚ್ಚಿನವು ಜೊಳ್ಳು ಬತ್ತದಂತೆ ಸುಕ್ಕಿ, ಬಣ್ಣ ಹಿಡಿಯದೆ ಬಿದ್ದಿದ್ದವು.

ಅವರು ಕಾರಣವನ್ನು ವಿವರಿಸಿದರು. ನಮ್ಮದು 'ಮಿಸೆಸ್ ಬಟ್' ಎಂಬ ತಳಿ; 1910ರ ಸುಮಾರಿಗೆ ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ತೋಟವೊಂದರಲ್ಲಿ ದೊರೆತದ್ದು. ಗ್ಲಾಬ್ರಾ, ಪೆರೂವಿಯಾನಾ ಎಂಬ ಎರಡು ಜಾತಿಗಳ ಮಿಶ್ರಸಂತಾನ. ಒಂದೊಂದರಿಂದ 17ರಂತೆ ಅದರ ಜೀವಕೋಶದಲ್ಲಿ 34 ವರ್ಣತಂತುಗಳಿವೆ. ಪರಾಗವು ರೂಪುಗೊಳ್ಳುವಾಗ ಇವು ಎರಡೆರಡಾಗಿ ಕೂಡಿ, ಬಳಿಕ ಸಮನಾಗಿ ಅಗಲಬೇಕು. ಬೇರೆ ಬೇರೆ ಜಾತಿಯಿಂದ ಬಂದವಾದುದರಿಂದ ಕೆಲವು ಜೊತೆ ದೊರೆಯದೆ ಉಳಿಯುತ್ತವೆ, ಹಂಚಿಕೆ ಕೆಡುತ್ತದೆ, ಪರಾಗ ಜೊಳ್ಳಾಗುತ್ತದೆ. ಆದುದರಿಂದಲೇ ಈ ಗಿಡವನ್ನು ಕಡ್ಡಿ ನೆಟ್ಟು ಬೆಳೆಸುವರು.

ಲಖನೌದ ವಿಜ್ಞಾನಿಗಳು ಇಂತಹ ಫಲವಿಲ್ಲದ ತಳಿಗಳಲ್ಲಿ ಕಾಲ್ಚಿಸಿನ್ ಎಂಬ ಸಸ್ಯವಿಷದ ನೆರವಿನಿಂದ ವರ್ಣತಂತುಗಳನ್ನು 68ಕ್ಕೆ ಇಮ್ಮಡಿಸಿದರು. ಒಂದೊಂದಕ್ಕೂ ತಕ್ಕ ಜೊತೆ ದೊರೆಯಿತು. ಜೊಳ್ಳು ಪರಾಗ ತುಂಬಿಕೊಂಡಿತು. 1975ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇದನ್ನು ಕೇಳಿದಾಗ, ಬೆಡಗಿನ ಮೇಲೆ ನಾನು ಹೊರಿಸಿದ್ದ ಅಪವಾದ ನನಗೇ ನಗೆ ತರಿಸಿತು.

ಮರುದಿನ ತರಗತಿಯಲ್ಲಿ ನನ್ನ ಮಾತು ತಪ್ಪೆಂದು ಹೇಳಿ, ಎಲ್ಲರನ್ನೂ ಸೂಕ್ಷ್ಮದರ್ಶಕದ ಬಳಿಗೆ ಕರೆದೊಯ್ದೆನು. ಆ ಹುಡುಗನು ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದನು. ಬಳಿಕ ತಲೆಯೆತ್ತಿ, "ಸರ್, ಒಂದು ಕಣ ಮಾತ್ರ ಕೆಂಪಾಗಿದೆ. ಅದರಿಂದ ಕಾಯಿಯಾದೀತೇ?" ಎಂದನು.

"ನನಗೆ ತಿಳಿಯದು, ತಮ್ಮಾ. ಬಾ, ಕೇಳೋಣ" ಎಂದೆನು.