ಐಬು

ನಮ್ಮ ಬಿಳಿ ಮಾರುತಿ 800 ಮಾರುವ ತೀರ್ಮಾನ ಆದದ್ದು ಒಂದು ರಾತ್ರಿ ಊಟಕ್ಕೆ ಕೂತಾಗ, ಸಾರಿಗೂ ಮಜ್ಜಿಗೆಗೂ ನಡುವೆ. ಮಗ ಬೆಂಗಳೂರಿನಲ್ಲಿ ಹೊಸದು ಕೊಂಡು, ತನ್ನ ಮೊದಲಿನ ಕಾರನ್ನು ಮೈಸೂರಿಗೆ ತಂದು ನಮಗೆ ಬಿಟ್ಟುಹೋಗಿದ್ದ. ಅದು ಕಾಂಪೌಂಡಿನೊಳಗೆ ನಿಂತಿತು. ಇಪ್ಪತ್ತು ವರ್ಷ ಅಲ್ಲಿದ್ದದ್ದು ಬೀದಿಗೆ, ಹೊಂಗೆ ಮರದಡಿಗೆ ಬಂತು. "ಎರಡೆರಡು ಗಾಡಿಗೆ ಇನ್ಶೂರೆನ್ಸ್ ಕಟ್ಟೋಕೆ ನಾವೇನು ಟ್ರಾವೆಲ್ಸ್ ಇಟ್ಟಿದ್ದೀವಾ?" ಅಂದಳು ನನ್ನಾಕೆ.

ನಾನು ಸುಮ್ಮನೆ ಸೋಲುವವನಲ್ಲ. ಹರ್ಪಾಲ್ ಸಿಂಗರ ಕಥೆ ತೆಗೆದೆ. 1983ರ ಡಿಸೆಂಬರ್ 14ರಂದು ಮೊಟ್ಟಮೊದಲ ಮಾರುತಿ 800ರ ಕೀಲಿಯನ್ನು ಇಂದಿರಾ ಗಾಂಧಿಯವರ ಕೈಯಿಂದ ಪಡೆದ ದೆಹಲಿಯ ಮನುಷ್ಯ ಅವರು. ಆಗ ಅದರ ಬೆಲೆ 47,500 ರೂಪಾಯಿ. 2010ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರನ್ನು ಯಾರಿಗೂ ಕೊಡಲಿಲ್ಲ. "ಅವರಿಗೆ ಕೀಲಿ ಕೊಟ್ಟದ್ದು ಪ್ರಧಾನಮಂತ್ರಿ. ನಿಮಗೆ ಕೊಟ್ಟದ್ದು ಶೋರೂಮಿನ ಹುಡುಗ. ಮಜ್ಜಿಗೆ ಹಾಕಲಾ?" ಎಂದಳು. ಅಲ್ಲಿಗೆ ಮುಗಿಯಿತು.

ಗಾಡಿ ಓಡುತ್ತದೆಯೇ ಎಂದರೆ, ಓಡುತ್ತದೆ. ನಂಬಿ. ಆದರೆ ನಾನು ಕೂತರೆ ಓಡುವ ಹಾಗೆ ಇನ್ನೊಬ್ಬರು ಕೂತರೆ ಓಡುತ್ತದೆಂಬ ಭರವಸೆಯಿಲ್ಲ. ಬೆಳಿಗ್ಗೆ ಕೀಲಿಯನ್ನು ಅರ್ಧ ತಿರುಗಿಸಿ, ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪು 'ಜುಂಯ್' ಎನ್ನುವುದನ್ನು ಕೇಳಿಸಿಕೊಂಡು, ಅದು ನಿಂತ ಮೇಲೆ ಪೂರ್ತಿ ತಿರುಗಿಸಬೇಕು. ಅವಸರಪಟ್ಟರೆ ಮುನಿಸಿಕೊಳ್ಳುತ್ತದೆ. ಪೆಟ್ರೋಲ್ ಮುಳ್ಳು ಅರ್ಧಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. ಅಲ್ಲಿಂದ ಮುಂದಿನದು ಕಿಲೋಮೀಟರ್ ಲೆಕ್ಕ, ಮತ್ತು ದೈವ. ಸ್ಟೇರಿಂಗ್ ಒಂಚೂರು ಎಡಕ್ಕೆ ಎಳೆಯುತ್ತದೆ. ಎರಡನೇ ಗೇರಿಗೆ ಹಾಕುವಾಗ ಕೈಯನ್ನು ತುಸು ನಿಮ್ಮ ಕಡೆ ತಂದು ಹಾಕಬೇಕು. ಇಷ್ಟು ಬಿಟ್ಟರೆ 796 ಸಿಸಿಯ ಆ ಮೂರು ಸಿಲಿಂಡರಿನ ಇಂಜಿನ್ "ಗುಂಡ್ಕಲ್ಲಿದ್ದಂಗಿದೆ ಸಾರ್" ಎಂದು ನಮ್ಮ ಮೆಕ್ಯಾನಿಕ್ ವರ್ಷಕ್ಕೆರಡು ಸಲ ಹೇಳುತ್ತಿದ್ದ. ಬಿಲ್ ಕೊಡುವಾಗಲೇ ಹೇಳುತ್ತಿದ್ದ ಎಂಬುದು ಬೇರೆ ಮಾತು.

ಇವೆಲ್ಲ ಹೇಳಿಕೊಳ್ಳಬಹುದಾದ ಐಬುಗಳು. ಹೇಳಿಕೊಳ್ಳಲು ನಾಚಿಕೆಯಾಗುವ ಒಂದಿತ್ತು: ಹಿಂದಿನ ಎಡಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಆರು ವರ್ಷದ ಹಿಂದೆ ರಿವರ್ಸ್ ತೆಗೆಯುವಾಗ ನಾನೇ ಅದನ್ನು ಗೇಟಿನ ಕಂಬಕ್ಕೆ ತಗುಲಿಸಿದ್ದೆ. ಟಿಂಕರಿಂಗ್ ಮಾಡಿಸಿ ಬಣ್ಣ ಹೊಡೆಸಿದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಒಳಗಿನ ಹಿಡಿ ಮಾತ್ರ ಎಳೆದರೆ ಸಡಿಲವಾಗಿ ಕೈಗೆ ಬರುತ್ತಿತ್ತು, ಬಾಗಿಲು ಬರುತ್ತಿರಲಿಲ್ಲ. ಅಲ್ಲಿ ಕೂತವರಿಗೆ ನಾನು ಇಳಿದು ಸುತ್ತಿ ಬಂದು ಬಾಗಿಲು ತೆರೆಯುತ್ತಿದ್ದೆ. ನೆಂಟರಿಷ್ಟರಲ್ಲಿ ನನಗೆ ಮರ್ಯಾದಸ್ಥನೆಂಬ ಹೆಸರು ಬಂದದ್ದೇ ಹಾಗೆ. ನಾಳೆ ಮಾಡಿಸಿದರಾಯಿತು ಎಂದುಕೊಂಡೇ ಆರು ವರ್ಷ ಕಳೆದವು.

ಮೊದಲು ಬಂದವನು ಬ್ರೋಕರ್. ಕಾರಿನ ಸುತ್ತ ಒಂದೇ ಸುತ್ತು ಬಂದ. ಬಾನೆಟ್ ಎತ್ತಲಿಲ್ಲ, ಸ್ಟಾರ್ಟ್ ಮಾಡೆನ್ನಲಿಲ್ಲ. ಅವನು ನೋಡಿದ್ದು ಕಾಗದ. "2004ರ ಗಾಡಿ. ಎಫ್‌ಸಿ ಇನ್ನು ನಾಲ್ಕೇ ತಿಂಗಳು." ಅವನ ಮಾತು ಸುಳ್ಳಲ್ಲ. ಸ್ವಂತದ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2019ರಲ್ಲಿ ನಾನು ಮಾಡಿಸಿದಾಗ ಕೇಂದ್ರದ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. ಮೇಲೆ ಹಸಿರು ತೆರಿಗೆ, ಎಮಿಷನ್, ಇನ್ಶೂರೆನ್ಸ್. 2019ರ ಏಪ್ರಿಲ್‌ಗೆ ಮೊದಲಿನ ಗಾಡಿಗಳೆಲ್ಲ ಹಾಕಿಸಿಕೊಳ್ಳಬೇಕಾದ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಬೇರೆ. ಇವನ್ನೆಲ್ಲ ಅವನು ಬೆರಳು ಮಡಿಸುತ್ತ ಕಳೆಯುತ್ತ ಹೋದ. ಕೊನೆಗೆ ಉಳಿದದ್ದು ಮೂವತ್ತು ಸಾವಿರ. "ಗುಜರಿಯವನು ಇದಕ್ಕಿಂತ ಕಮ್ಮಿ ಕೇಳ್ತಾನೆ ಸಾರ್, ತೂಕಕ್ಕೆ."

ಅವನು ಹೋಗುವಾಗ ಎರಡು ಮಾತು ಹೇಳಿದ, ಎರಡೂ ನೆನಪಿನಲ್ಲಿ ಉಳಿದವು. ಮೊದಲನೆಯದು: "ಯಾರಾದ್ರೂ ಕೇಳಿದ್ರೆ ಮೇಷ್ಟ್ರ ಗಾಡಿ ಅನ್ನಿ. ಡಾಕ್ಟರ್ ಗಾಡಿ ಅಂದ್ರೆ ಜನ ನಂಬಲ್ಲ ಈಗ. ಮೇಷ್ಟ್ರು ನಲವತ್ತು ದಾಟಿರಲ್ಲ ಅಂತ ಗೊತ್ತು ಎಲ್ಲರಿಗೂ." ಮೂವತ್ತಮೂರು ವರ್ಷ ಗಣಿತ ಹೇಳಿದ್ದಕ್ಕೆ ಸಂದ ಗೌರವ ಅದು. ಎರಡನೆಯದು ಅವನು ಎಡಬಾಗಿಲಿನ ಹಿಡಿ ಎಳೆದು ನೋಡಿ ಹೇಳಿದ್ದು. ಕಳ್ಳ, ಎಲ್ಲ ಬಿಟ್ಟು ಅದನ್ನೇ ಎಳೆದ. "ಇದನ್ನ ಕೇಳಿದ್ರೆ ಚೈಲ್ಡ್ ಲಾಕ್ ಅಂದ್ಬಿಡಿ."

ಆಮೇಲೆ ಇಬ್ಬರು ಕಾಲೇಜು ಹುಡುಗರು ಬಂದರು. ಅವರಿಗೆ ಇಂಜಿನ್ ಹೇಗಿದೆ ಎನ್ನುವುದು ಬೇಕಿರಲಿಲ್ಲ. ಸೈಲೆನ್ಸರ್ ತೆಗೆಸಿ ದೊಡ್ಡದು ಹಾಕಬಹುದೇ, ಕೆಳಕ್ಕಿಳಿಸಬಹುದೇ, ಹಳದಿ ಬಣ್ಣ ಹೊಡೆಸಬಹುದೇ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಐವತ್ತೈದಕ್ಕೂ ತಯಾರಿದ್ದರು. ನನಗೇ ಮನಸ್ಸಾಗಲಿಲ್ಲ. ಮಗಳ ಬಾಣಂತನಕ್ಕೆ ಆಸ್ಪತ್ರೆಗೆ ಹೋಗಿಬಂದ ಗಾಡಿ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಢಂ ಢಂ ಎನ್ನುವುದನ್ನು ಬೆಳಗಿನ ವಾಕಿಂಗಿನಲ್ಲಿ ನಾನೇ ಕೇಳಬೇಕಾಗುತ್ತಿತ್ತು.

ಕೊಂಡವರು ನಂಜನಗೂಡಿನ ಕಡೆಯವರು. ಹೂವಿನ ವ್ಯಾಪಾರ. ತೋಟದ ಹೂವನ್ನು ಬೆಳಗಿನ ಜಾವ ಮೊಪೆಡ್ಡಿನಲ್ಲಿ ಹೇರಿಕೊಂಡು ದೇವರಾಜ ಮಾರುಕಟ್ಟೆಗೆ ತರುವವರು. ಮಳೆಗಾಲದಲ್ಲಿ ಹೂವೂ ನೆನೆಯುತ್ತದೆ, ಹೆಂಡತಿಯೂ ನೆನೆಯುತ್ತಾಳೆ, ಅದಕ್ಕೆ ಕಾರು. ಗಂಡ, ಹೆಂಡತಿ, ಜೊತೆಗೆ ಹೆಂಡತಿಯ ಅಪ್ಪ. ಆ ಮುದುಕರಿಗೆ ಎಪ್ಪತ್ತೈದರ ಮೇಲೆ. ಕಾರಿನ ವಿಚಾರ ಏನೇನೂ ಗೊತ್ತಿಲ್ಲ ಎಂದು ಅವರೇ ಹೇಳಿದರು, ಆದರೆ ಪರೀಕ್ಷೆ ಮಾಡಿದ್ದೆಲ್ಲ ಅವರೇ. ಬೆನ್ನ ಹಿಂದೆ ಕೈಕಟ್ಟಿಕೊಂಡು ದೂರ ನಿಂತು ಒಮ್ಮೆ ಇಡಿಯಾಗಿ ನೋಡಿದರು. ಹತ್ತಿರ ಬಂದು ಟೈರಿನ ಗೆರೆಗಳಲ್ಲಿ ಉಗುರು ಇಳಿಸಿ ನೋಡಿದರು. ಸ್ಟಾರ್ಟ್ ಮಾಡಿಸಿ, ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣುಮುಚ್ಚಿ ನಿಂತರು. ಅಳಿಯನನ್ನು ರಸ್ತೆಯಲ್ಲಿ ಓಡಿಸಲು ಕಳಿಸಿ, ತಾವು ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ಕಾರಿನ ಹಿಂಭಾಗ ಹೇಗೆ ಹೋಗುತ್ತದೆಂದು ನೋಡಿದರು. "ಎಡಕ್ಕೆ ಎಳೀತದಲ್ಲ ಸ್ವಾಮಿ," ಅಂದರು. ನನಗೆ ಎದೆ ಧಸಕ್ಕೆಂದಿತು.

ಈ ನೋಟ ನನಗೆ ಗೊತ್ತಿದ್ದದ್ದೇ. ನಮ್ಮ ಅಪ್ಪ ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ನೋಡುತ್ತಿದ್ದದ್ದು ಹೀಗೇ. ಹಲ್ಲು, ಸುಳಿ, ಗೊರಸು ಎಲ್ಲ ಆದ ಮೇಲೆ ನಾಲ್ಕು ಹೆಜ್ಜೆ ನಡೆಸಿ ಹಿಂದಿನಿಂದ ನೋಡುವುದು. ಎಡಗೋಲಿಗೆ ಪಳಗಿದ ಎತ್ತು ಯಾವುದು, ಬಲಗೋಲಿಗೆ ಯಾವುದು ಎಂದು ನಡಿಗೆಯಲ್ಲೇ ಹೇಳುತ್ತಿದ್ದರು. ನಾನು ಮುದುಕರಿಗೆ ಅದನ್ನು ಹೇಳಿದೆ. ಅವರ ಮುಖ ಅರಳಿತು. ತಾನೂ ಚುಂಚನಕಟ್ಟೆಗೆ, ಸುತ್ತೂರಿಗೆ ದನ ಹೊಡೆದವನೇ ಎಂದರು. ಮನೆಯೊಳಗಿಂದ ಕಾಫಿ ಬಂತು. ಅದಾದ ಮೇಲೆ ಸ್ಟೇರಿಂಗ್, ಪೆಟ್ರೋಲ್ ಮುಳ್ಳು, ಎರಡನೇ ಗೇರು ಎಲ್ಲವನ್ನೂ ನಾನೇ ಒಪ್ಪಿಸಿದೆ. ಕೀಲಿ ಅರ್ಧ ತಿರುಗಿಸುವುದನ್ನು ಅಳಿಯನಿಗೆ ಎರಡು ಸಲ ಮಾಡಿ ತೋರಿಸಿದೆ. ಎಷ್ಟು ಪ್ರಾಮಾಣಿಕ ಮನುಷ್ಯ ಎಂದು ನನಗೇ ನನ್ನ ಮೇಲೆ ಮೆಚ್ಚುಗೆ ಬರತೊಡಗಿತು. ಬಾಗಿಲಿನ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.

ಅಷ್ಟರಲ್ಲಿ ಆ ಹೆಣ್ಣುಮಗಳು ಹಿಂದಿನ ಸೀಟಿನಲ್ಲಿ ಕೂತು ನೋಡುತ್ತೇನೆಂದು ಹತ್ತಿದಳು. ಎಡಬಾಗಿಲಿನಿಂದಲೇ. ಪಕ್ಕದಲ್ಲಿ ಎಷ್ಟು ಬುಟ್ಟಿ ಹಿಡಿಯುತ್ತದೆಂದು ಗೇಣು ಹಾಕಿ ಅಳೆದಳು. ಅಪ್ಪನಿಗೆ ಕೈಬೀಸಿ ನಕ್ಕಳು. ಇಳಿಯಲು ಹಿಡಿ ಎಳೆದಳು. ಮತ್ತೊಮ್ಮೆ ಎಳೆದಳು. ಗಾಜಿನ ಆಚೆಯಿಂದ ನನ್ನ ಕಡೆ ನೋಡಿದಳು.

"ಚೈಲ್ಡ್ ಲಾಕ್ ಇರ್ಬೇಕು, ಅಲ್ವಾ ಸಾ?" ಎಂದ ಅಳಿಯ.

ಪಾಪ, ಉತ್ತರವನ್ನು ಅವನೇ ನನ್ನ ಕೈಗಿಟ್ಟಿದ್ದ. ನಾನು ಹೂಂ ಎಂದರೆ ಸಾಕಿತ್ತು. ಹೂಂ ಎಂದೆನೋ, ಬರೀ ತಲೆಯಾಡಿಸಿದೆನೋ, ಈಗಲೂ ಖಚಿತವಾಗಿ ಹೇಳಲಾರೆ. ಆದರೆ ಕಾಲು ತನ್ನ ಅಭ್ಯಾಸದಂತೆ ಸುತ್ತಿ ಬಂದು, ಕೈ ಬಾಗಿಲು ತೆಗೆದಿತ್ತು. ಆ ಮಗಳು ಇಳಿದು, "ಇದು ಒಳಗಿಂದ ಬರಾಕಿಲ್ಲ ಅಲ್ವಾ ಅಣ್ಣಾ? ನೀವು ಓಡಿಬಂದಿದ್ದು ನೋಡುದ್ರೇ ಗೊತ್ತಾಯ್ತದೆ," ಎಂದಳು. ಸಿಟ್ಟಿನಿಂದಲ್ಲ. ಮನೆಯ ಕಿಟಕಿಯಲ್ಲಿ ನನ್ನಾಕೆ ಕಂಡಳು, ಅವಳು ನಗುತ್ತಿದ್ದಳು.

ಆಮೇಲೆ ವ್ಯಾಪಾರ. ಮುದುಕರು ಹೆಗಲ ಮೇಲಿನ ಟವೆಲನ್ನು ತೆಗೆದು ನನ್ನ ಕೈ ಮೇಲೆ ಹಾಸಿದರು. ಅದರಡಿಯಲ್ಲಿ ನನ್ನ ನಾಲ್ಕು ಬೆರಳು ಹಿಡಿದು ಒತ್ತಿದರು. ಅಪ್ಪನಿಗಾಗಿದ್ದರೆ ತಿಳಿಯುತ್ತಿತ್ತು. ಗಣಿತದ ಮೇಷ್ಟ್ರಿಗೆ ಆ ಲೆಕ್ಕ ಬರಲಿಲ್ಲ. ಐದೂ ಬೆರಳು ಚಾಚಿಬಿಟ್ಟೆ. ಇಬ್ಬರೂ ನಕ್ಕು, ಟವೆಲ್ ತೆಗೆದು, ಬಾಯಲ್ಲೇ ಮಾತಾಡಿದೆವು. ನಲವತ್ತು, ಐವತ್ತು, ಬಾಗಿಲಿಗೆ ಇಷ್ಟು ಬಿಡಿ, ಎಫ್‌ಸಿಗೆ ಇಷ್ಟು ಬಿಡಿ ಎನ್ನುತ್ತ ನಲವತ್ತಾರು ಸಾವಿರಕ್ಕೆ ನಿಂತಿತು. 1983ರಲ್ಲಿ ಹರ್ಪಾಲ್ ಸಿಂಗರು ಹೊಸದಕ್ಕೆ ಕೊಟ್ಟದ್ದಕ್ಕಿಂತ ಒಂದೂವರೆ ಸಾವಿರ ಕಡಿಮೆ. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತುಹೋದ ಗಾಡಿಗೆ ಇಷ್ಟು ಬಂದದ್ದು ನನಗೆ ಹೆಚ್ಚೆನಿಸಿತು, ಬೀಡಾ ತರುತ್ತೇನೆಂದು ಅಂಗಡಿಗೆ ಹೋಗಿ ಬಂದೆ.

ಕೀಲಿ ಕೊಡುವಾಗ ನನ್ನಾಕೆ ಡ್ಯಾಶ್‌ಬೋರ್ಡಿನ ಮೇಲಿನ ಪುಟ್ಟ ಗಣಪನನ್ನು ತೆಗೆಯುವುದೋ ಬಿಡುವುದೋ ಎಂದು ಅನುಮಾನಿಸಿ ನಿಂತಿದ್ದಳು. "ತಕ್ಕಳಿ ತಾಯಿ," ಅಂದರು ಮುದುಕರು. "ಎತ್ತು ಕೊಟ್ರೂ ಹಗ್ಗ ಕೊಡಾಕಿಲ್ಲ." ಹೌದು, ನಮ್ಮ ಅಪ್ಪನೂ ಜಾತ್ರೆಯಿಂದ ಬರುವಾಗ ಮಾರಿದ ಎತ್ತಿನ ಹಗ್ಗವನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಗಣಪ ಈಗ ನಮ್ಮ ಟಿವಿಯ ಪಕ್ಕದಲ್ಲಿದ್ದಾನೆ.

ಎತ್ತಿಗೂ ಕಾರಿಗೂ ಒಂದು ವ್ಯತ್ಯಾಸ ಹೇಳಲೇಬೇಕು. ಎತ್ತು ಮಾರಿದ ಸಂಜೆಗೆ ಅದರ ಋಣ ಹರಿಯುತ್ತದೆ. ಕಾರಿನದು ಆರ್‌ಟಿಒ ಕಚೇರಿಯಲ್ಲಿ ಹರಿಯಬೇಕು. ಫಾರಂ 29, ಫಾರಂ 30ಕ್ಕೆ ಇಬ್ಬರೂ ಸಹಿ ಹಾಕಿದೆವು. ಮಾರಿದವನು ಹದಿನಾಲ್ಕು ದಿನದೊಳಗೆ ತಿಳಿಸಬೇಕೆಂದು ಕಾಯ್ದೆಯಿದೆ. ಹೆಸರು ಬದಲಾಗದೆ ಕೈಬದಲಾದ ಗಾಡಿ ಅಪಘಾತ ಮಾಡಿದರೆ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಇದನ್ನು ನಾನು ಓದಿಕೊಂಡಿದ್ದರಿಂದ ಅಳಿಯನಿಗೆ ದಿನಕ್ಕೆರಡು ಸಲ ಫೋನು ಮಾಡಿದೆ. "ಹಬ್ಬ ಒಂದ್ ಕಳೀಲಿ ಸಾ, ಹೂವಿನ ಸೀಜನ್ನು" ಎನ್ನುತ್ತಿದ್ದ. ಹಬ್ಬ ಕಳೆಯಲು ನಾನು ಬಿಡಲಿಲ್ಲ. ನಾನೇ ಜೊತೆಗೆ ಹೋಗಿ ಕೂತು ಮುಗಿಸಿದೆ.

ಮೊನ್ನೆ ಶುಕ್ರವಾರ ಬೆಳಿಗ್ಗೆ ದೇವರಾಜ ಮಾರುಕಟ್ಟೆಯ ಕಡೆ ಹೋಗಿದ್ದೆ. ಸಯ್ಯಾಜಿರಾವ್ ರಸ್ತೆಯ ಅಂಚಿನಲ್ಲಿ ನಮ್ಮ ಕಾರು ನಿಂತಿತ್ತು. ಮೈಯೆಲ್ಲ ಕೆಸರು, ಒಳಗೆಲ್ಲ ಸೇವಂತಿಗೆ. ಹೂವಿನ ಬುಟ್ಟಿಗಳ ನಡುವಿನಿಂದ ಹಿಂದಿನ ಎಡಬಾಗಿಲು ತೆರೆದುಕೊಂಡಿತು, ಒಳಗಿನಿಂದ. ಆ ಹೆಣ್ಣುಮಗಳು ಇಳಿದಳು. ನನ್ನನ್ನು ಕಂಡು, "ಚೆನ್ನಾಗಿದ್ದೀರಾ ಅಣ್ಣಾ?" ಎಂದು ಒಂದು ಮೊಳ ಮಲ್ಲಿಗೆ ಕೊಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ.

ಲಾಕ್ ರಿಪೇರಿಗೆ ನೂರಾ ಎಂಬತ್ತು ರೂಪಾಯಿ ಆಯಿತಂತೆ.