ಸಾಲದ ಲೆಕ್ಕವೂ ಕ್ಷಮೆಯೂ

ಪಾಪವು ಒಂದು ಸಾಲವೆಂದು ಕ್ರಿಸ್ತನು ತನ್ನ ಶಿಷ್ಯರಿಗೆ ಕಲಿಸಿದನು. ಆತನು ಹೇಳಿಕೊಟ್ಟ ಪ್ರಾರ್ಥನೆಯು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ. ಅದರ ಗ್ರೀಕ್ ಮೂಲದಲ್ಲಿ ತಪ್ಪುಗಳಿಗೆ ಇರುವ ಶಬ್ದವು ಸಾಲವೆಂಬ ಅರ್ಥವುಳ್ಳದ್ದೇ. ಸಾಹುಕಾರನ ಖಾತೆಯನ್ನು ಬಲ್ಲ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾದದ್ದಿಲ್ಲ. ಸಾಲವನ್ನು ಪಡೆದವನು ತೀರಿಸಬೇಕು, ಇಲ್ಲವೆ ಕೊಟ್ಟವನು ಬಿಡಬೇಕು. ಬಿಟ್ಟರೆ ನಷ್ಟವು ಕೊಟ್ಟವನದು. ಆದುದರಿಂದ ಕ್ಷಮೆಯೆಂದರೆ ತಪ್ಪೇ ನಡೆಯಲಿಲ್ಲವೆಂದು ಹೇಳುವುದಲ್ಲ. ನಡೆದ ತಪ್ಪಿನ ನಷ್ಟವನ್ನು ತಾನೇ ಹೊರುವುದು. ಮನುಷ್ಯನು ತೀರಿಸಲಾರದ ಸಾಲವನ್ನು ದೇವರು ಶಿಲುಬೆಯ ಮೇಲೆ ತಾನೇ ಹೊತ್ತನೆಂಬುದು ಕ್ರೈಸ್ತರಾದ ನಮ್ಮ ನಂಬಿಕೆ.

ದೇವಾಲಯದಲ್ಲಿ ಕುಳಿತು ಇದನ್ನು ಒಪ್ಪುವುದು ಸುಲಭ. ಆದರೆ ನಮ್ಮ ಬೀದರ ಸೀಮೆಯಲ್ಲಿ, ಬಸವಕಲ್ಯಾಣದ ಕಡೆಯ ಗೋರ್ಟಾ (ಬಿ) ಗ್ರಾಮದ ಹೆಸರು ಕಿವಿಗೆ ಬಿದ್ದಾಗ, ಈ ಉಪದೇಶವು ಗಂಟಲಿನಲ್ಲಿಯೇ ನಿಲ್ಲುವುದು. 1948ನೆಯ ಇಸವಿಯ ಮೇ ತಿಂಗಳಲ್ಲಿ ರಜಾಕಾರರು ಆ ಊರಿಗೆ ನುಗ್ಗಿ ಕೊಲೆ ಸುಲಿಗೆಗಳನ್ನು ನಡೆಸಿದರು. ಮಡಿದವರು ಇನ್ನೂರು ಮಂದಿಯಷ್ಟೆಂದು ಜನರು ಹೇಳುತ್ತಾರೆ. 2023ರ ಮಾರ್ಚ್ 26ರಂದು ಅಲ್ಲಿ ಹುತಾತ್ಮರ ಸ್ಮಾರಕವು ಉದ್ಘಾಟನೆಯಾಯಿತು.

ಅಂಥ ಮನೆಗಳವರಿಗೆ ‘ಕ್ಷಮಿಸಿಬಿಡಿರಿ’ ಎಂದು ಹೊರಗಿನವರು ಬೋಧಿಸಬಹುದೇ? ಬೋಧಿಸತಕ್ಕದ್ದಲ್ಲವೆಂದೇ ನಮ್ಮ ಅಭಿಪ್ರಾಯ. ಪರರ ಖಾತೆಯ ಸಾಲವನ್ನು ನಾವು ಬಿಟ್ಟುಕೊಡುವುದು ಔದಾರ್ಯವಲ್ಲ. ಸ್ಮಾರಕವನ್ನು ಕಟ್ಟಿ ಸತ್ತವರನ್ನು ನೆನೆಯುವುದೂ ಕ್ಷಮೆಗೆ ವಿರೋಧವಲ್ಲ. ಸಾಲವಿತ್ತೆಂಬ ನೆನಪೇ ಇಲ್ಲದಿದ್ದರೆ ಬಿಡುವುದಾದರೂ ಏನನ್ನು?

ಆದರೆ ಆ ವರುಷದ ಕಥೆಯು ಮೇ ತಿಂಗಳಿಗೆ ಮುಗಿಯಲಿಲ್ಲ. ಸಪ್ಟಂಬರ್ 18ರಂದು ನಿಜಾಮರ ಸೈನ್ಯವು ಶರಣಾದ ಸುಮಾರಿಗೆ ಹಲವೆಡೆ ಸೇಡಿನ ಬೆಂಕಿ ಹತ್ತಿತು. ಭಾರತ ಸರಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು, ಸಂಸ್ಥಾನದಲ್ಲಿ 27,000ದಿಂದ 40,000 ಜನರು ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಬರೆಯಿತು. ಅವರಲ್ಲಿ ರಜಾಕಾರರ ಪಾಪದಲ್ಲಿ ಪಾಲೇ ಇಲ್ಲದ ಮುಸಲ್ಮಾನರು ಬಹಳ ಮಂದಿ. ಸಾಲ ಮಾಡಿದವನೊಬ್ಬನು, ವಸೂಲಿಯು ಮತ್ತೊಬ್ಬನಿಂದ!

ಇಲ್ಲಿಯೇ ಕ್ರೈಸ್ತ ಬೋಧೆಯ ಒಂದು ಮಾತು ಮನೆಮನೆಗೂ ಬೇಕಾದದ್ದು. ಪಾಪವು ಪ್ರತಿಯೊಬ್ಬನ ಸ್ವಂತದ್ದು. ತಂದೆಯ ಅಪರಾಧವನ್ನು ಮಗನು ಹೊರತಕ್ಕದ್ದಲ್ಲವೆಂದು ಪ್ರವಾದಿಯಾದ ಯೆಹೆಜ್ಕೇಲನು ತನ್ನ ಗ್ರಂಥದ 18ನೆಯ ಅಧ್ಯಾಯದಲ್ಲಿ ಸಾರುತ್ತಾನೆ. ರಕ್ಷಣೆಯೂ ಹಾಗೆಯೇ. ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ರಕ್ಷಣೆ ಹೊಂದುವುದಿಲ್ಲ. ಯಾವ ಜಾತಿಯಲ್ಲಿ ಹುಟ್ಟಿದ ಮಾತ್ರಕ್ಕೂ ಯಾರೂ ಕೊಲೆಗಾರರಾಗುವುದಿಲ್ಲ. ದೇವರ ಮುಂದೆ ಒಬ್ಬೊಬ್ಬನೇ ನಿಲ್ಲತಕ್ಕದ್ದು.

ಪಶ್ಚಾತ್ತಾಪಕ್ಕೂ ಲೆಕ್ಕವುಂಟು. ಸುಂಕದ ಅಧಿಕಾರಿಯಾದ ಜಕ್ಕಾಯನು ಕ್ರಿಸ್ತನನ್ನು ಮನೆಗೆ ಕರೆದುಕೊಂಡ ದಿನ ಅಳುತ್ತ ಕೂರಲಿಲ್ಲ. ತನ್ನ ಆಸ್ತಿಯ ಅರ್ಧವನ್ನು ಬಡವರಿಗೂ, ಮೋಸದಿಂದ ಪಡೆದದ್ದರ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡಲು ಮುಂದಾದನು.

ಇನ್ನು ಮತ್ತಾಯನ 18ನೆಯ ಅಧ್ಯಾಯದ ಸಾಮ್ಯವನ್ನು ನೋಡೋಣ. ಅರಸನು ಒಬ್ಬ ಆಳಿಗೆ ಹತ್ತು ಸಾವಿರ ತಲಾಂತು ಸಾಲವನ್ನು ಬಿಟ್ಟನು. ತಲಾಂತೆಂದರೆ ಸುಮಾರು 6,000 ಬೆಳ್ಳಿ ನಾಣ್ಯ. ಒಂದು ನಾಣ್ಯವು ಕೂಲಿಯವನ ಒಂದು ದಿನದ ದುಡಿಮೆ. ಆ ಸಾಲವು 6 ಕೋಟಿ ದಿನಗಳ ಕೂಲಿಯಾಯಿತು! ಅಷ್ಟನ್ನು ಬಿಡಿಸಿಕೊಂಡವನು ಹೊರಬಂದು, ನೂರು ನಾಣ್ಯದ ಸಾಲಕ್ಕಾಗಿ ಜೊತೆಯಾಳಿನ ಕುತ್ತಿಗೆಯನ್ನು ಹಿಡಿದನು. ಕ್ಷಮೆಯನ್ನು ಪಡೆದರೂ ಅವನ ಹೃದಯವು ಅದನ್ನು ಅರಿಯಲಿಲ್ಲ.

ವಾಚಕರಾದ ತಾಯಂದಿರೇ, ಮಕ್ಕಳಿಗೆ ಗೋರ್ಟಾದ ಸಂಗತಿಯನ್ನು ಹೇಳಿರಿ, ಮುಚ್ಚಿಡಬೇಡಿರಿ. ಆದರೆ ಮೇ ತಿಂಗಳನ್ನು ಹೇಳಿ ಸಪ್ಟಂಬರನ್ನು ಬಿಡಬೇಡಿರಿ. ಕೊಂದವರ ಪಾಪವು ಕೊಂದವರದೇ, ನೆರೆಮನೆಯ ಕೂಸಿನದಲ್ಲವೆಂಬುದನ್ನು ಅವರು ಚಿಕ್ಕಂದಿನಲ್ಲಿಯೇ ಕಲಿತರೆ, ಮುಂದೆ ತಮ್ಮ ಪಾಲಿನ ಕ್ಷಮೆಯನ್ನು ಕೊಡಬೇಕಾದಾಗಲೂ ಕೇಳಬೇಕಾದಾಗಲೂ ಅವರ ಕೈ ಹಿಂಜರಿಯದು.